ಅರ್ಧ ನಕಲಾದ ಮದುವೆ

ನಮ್ಮ ಜನನ, ಮರಣ ಮತ್ತು ವಿವಾಹ ನೋಂದಣಿ ಕಚೇರಿಯಲ್ಲಿ ಇಂದಿನವರೆಗೆ ಒಂದೇ ಒಂದು ದಾಖಲೆಯೂ ಕಳೆದುಹೋಗಿಲ್ಲ ಎಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ಕೆಲವು ಸಂದರ್ಭಗಳಲ್ಲಿ ದಾಖಲೆಗೆ ಸಂಬಂಧಪಟ್ಟ ಜನರು ಕಳೆದುಹೋಗಿದ್ದಾರೆ. ಅದು ಬೇರೆ ಇಲಾಖೆಗೆ ಸೇರಿದ ವಿಷಯ.

ನಾನು ಈ ಕಚೇರಿಯ ವಿವಾಹ ಕೌಂಟರಿನ ಗುಮಾಸ್ತ. ಊರಿನ ಮದುವೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವವನು ನಾನೇ. ಜನ ತಮ್ಮ ಮದುವೆ ತಾವು ಒಬ್ಬರನ್ನೊಬ್ಬರು ಒಪ್ಪಿದಾಗ ಆಯಿತೆಂದು ತಿಳಿದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ಪ್ರತಿಯೊಬ್ಬ ನಾಗರಿಕನ ಹೆಸರಿನಲ್ಲೂ ನಮ್ಮಲ್ಲಿ ಒಂದು ಕಡತವಿದೆ. ಆಕೆಯ ಕಡತದಲ್ಲಿ ಗಂಡನ ಹೆಸರು, ಆತನ ಕಡತದಲ್ಲಿ ಹೆಂಡತಿಯ ಹೆಸರು, ಹೀಗೆ ಎರಡು ಕಡೆ ನಾನು ಬರೆದಾಗಲೇ ಮದುವೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸುತ್ತೋಲೆಯಲ್ಲಿ ಹಾಗೇ ಇದೆ.

ಎಲ್ಲ ಕಡತಗಳೂ ಕಂಪ್ಯೂಟರಿನ ಒಂದೇ ದೊಡ್ಡ ಪೆಟ್ಟಿಗೆಯೊಳಗಿದ್ದವು. ಅದನ್ನು ನಾವು ಅಸಲು ಎಂದು ಕರೆಯುತ್ತಿದ್ದೆವು. ಒಂದು ದಿನ ಮೇಲಿನಿಂದ ಆದೇಶ ಬಂತು: "ಒಂದೇ ಕಡೆ ಇರುವುದನ್ನು ದಾಖಲೆ ಎನ್ನಲಾಗದು, ಅದೃಷ್ಟ ಎನ್ನಬೇಕಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸಮಸ್ತ ಕಡತಗಳ ಬ್ಯಾಕಪ್ ತೆಗೆದಿಡತಕ್ಕದ್ದು."

ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಬಂದರು. ಕ್ಯಾಂಟೀನಿನಲ್ಲಿ ಕಪ್ಪಿಗೂ ಸಾಸರಿಗೂ ಲೆಕ್ಕ ತಾಳೆಯಾಗದಿದ್ದರೆ ಅವರು ಟೀ ಮುಟ್ಟುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವರನ್ನು ತಾಳೆಸಾಹೇಬರು ಎನ್ನುತ್ತಿದ್ದರು. ಅವರ ಯಂತ್ರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದ ಕೂಡಲೇ ಅ ಅಕ್ಷರದ ಹೆಸರುಗಳಿಂದ ಹಿಡಿದು ಒಂದೊಂದೇ ಕಡತವನ್ನು ನಕಲು ಮಾಡುತ್ತ ಹೋಗಿ, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕೊನೆಯ ಅಕ್ಷರ ಮುಟ್ಟುತ್ತಿತ್ತು. ಳ ಅಕ್ಷರದಿಂದ ಶುರುವಾಗುವ ಹೆಸರು ಊರಿನಲ್ಲಿ ಯಾರಿಗೂ ಇಲ್ಲ. ಆದರೂ ಆ ಖಾಲಿ ಜಾಗವನ್ನು ಅವರು ಶ್ರದ್ಧೆಯಿಂದ ನಕಲು ಮಾಡಿಸುತ್ತಿದ್ದರು.

ತೊಂದರೆ ಇದ್ದದ್ದು ನಮ್ಮಿಂದ. ಅತ್ತ ಯಂತ್ರ ನಕಲು ಮಾಡುತ್ತಿರುವಾಗಲೇ ಇತ್ತ ಕೌಂಟರಿನವರು ಅದೇ ಕಡತಗಳಲ್ಲಿ ಬರೆಯುತ್ತಿದ್ದೆವು.

"ಸಾರ್, ನಕಲು ತೆಗೆಯೋ ದಿನ ಕೌಂಟರ್ ಮುಚ್ಚಿಸಿಬಿಡಿ," ಎಂದು ತಾಳೆಸಾಹೇಬರು ಮುಖ್ಯಾಧಿಕಾರಿಗಳ ಮುಂದೆ ಕೈಮುಗಿದು ನಿಂತರು. "ನಡೀತಾ ಇರೋನ ತಲೆಕೂದಲು ಕತ್ತರಿಸೋಕಾಗುತ್ತಾ? ಬಲಗಡೆ ಮುಗಿಸಿ ಎಡಗಡೆಗೆ ಬರೋಷ್ಟರಲ್ಲಿ ಅವನು ಇನ್ನೊಂದು ಬೀದೀಲಿರ್ತಾನೆ."

"ಕೌಂಟರ್ ಮುಚ್ಚಿದ್ರೆ ಗುರಿ ಯಾರ್ರೀ ಮುಟ್ಟಿಸ್ತಾರೆ?" ಎಂದರು ಮುಖ್ಯಾಧಿಕಾರಿಗಳು. "ಮೊದಲೇ ಈ ತಿಂಗಳು ಸಾವು ಕಡಿಮೆ ಬಿದ್ದಿದೆ."

"ಹಾಗಾದ್ರೆ ನಕಲು ನಿಲ್ಲಿಸಲಾ?"

"ನಕಲು ನಿಲ್ಲಿಸಿದ್ರೆ ಮೇಲಿನೋರು ನನ್ನ ಬಡ್ತಿ ನಿಲ್ಲಿಸ್ತಾರೆ. ಎರಡೂ ನಡೀಲಿ. ಒಬ್ಬರು ಇನ್ನೊಬ್ಬರ ಕಡೆ ನೋಡದೇ ಇದ್ರಾಯ್ತು."

ಅಂದೇ ನಿಯಮ ಹೊರಬಿತ್ತು: "ನಕಲು ಕಾರ್ಯವು ಪ್ರಗತಿಯಲ್ಲಿರುವಾಗ ಅಸಲು ಕಡತದಲ್ಲಿ ಬದಲಾವಣೆಯಾದಲ್ಲಿ, ಸದರಿ ಬದಲಾವಣೆಯನ್ನು ನಕಲು ಗಮನಿಸತಕ್ಕದ್ದಲ್ಲ. ಸದರಿ ನಕಲನ್ನು ಅಸಲು ಪ್ರಶ್ನಿಸತಕ್ಕದ್ದಲ್ಲ." ನಿಯಮ ಜಾರಿಯಾಗಲೆಂದು ಕೌಂಟರಿಗೂ ಯಂತ್ರಕ್ಕೂ ನಡುವೆ ಒಂದು ಮರದ ಪರದೆಯನ್ನೂ ನಿಲ್ಲಿಸಲಾಯಿತು.

ಇಂಥ ಒಂದು ನಕಲು ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ನನ್ನ ಕೌಂಟರಿಗೆ ಒಂದು ಜೋಡಿ ಬಂತು. ಹುಡುಗಿ ನಗರ ಸಾರಿಗೆಯ ಬಸ್ ಚಾಲಕಿ, ಸಮವಸ್ತ್ರದಲ್ಲೇ ಇದ್ದಳು. ಹುಡುಗ ಬೀಗ ರಿಪೇರಿಯವನು. ಎರಡು ಟ್ರಿಪ್ಪುಗಳ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ಬಸ್ಸು ಹೊರಗೇ ನಿಂತಿತ್ತು, ಅದರೊಳಗಿನ ಪ್ರಯಾಣಿಕರೇ ಸಾಕ್ಷಿಗಳು. ಹುಡುಗನ ತಾಯಿಯೂ ಬಂದಿದ್ದರು. ಅವರು ನಮ್ಮ ಕಚೇರಿಯಲ್ಲೇ ದಾಖಲೆ ಕೋಣೆ ನೋಡಿಕೊಂಡಿದ್ದು ನಿವೃತ್ತರಾದವರು. ಕಣ್ಣಿಗೆ ಕಂಡದ್ದನ್ನು ನಂಬದೆ ಕಡತದಲ್ಲಿ ಇದ್ದದ್ದನ್ನು ಮಾತ್ರ ನಂಬುವ ಹಳೇ ಕಾಲದ ಶಿಸ್ತಿನ ಹೆಂಗಸು. ಈಗಿನವರಲ್ಲಿ ಆ ನಿಷ್ಠೆ ಎಲ್ಲಿದೆ?

ಆ ಹುಡುಗ ಹುಡುಗಿಗೆ ಬೇಕಾಗಿದ್ದದ್ದು ಒಂದೇ. ಒಂದು ಸೂರು. ಆಕೆ ಇದ್ದದ್ದು ಮಹಿಳೆಯರ ಹಾಸ್ಟೆಲಿನಲ್ಲಿ, ಅವನು ಮಲಗುತ್ತಿದ್ದದ್ದು ಅಂಗಡಿಯ ಅಟ್ಟದ ಮೇಲೆ. ಕೂತು ಮಾತಾಡಲು ಜಾಗವಿಲ್ಲದೆ ಅವನು ಆಕೆಯ ಬಸ್ಸಿನ ಮುಂದಿನ ಸೀಟು ಹಿಡಿದು ಕೊನೆಯ ಸ್ಟಾಪಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದನಂತೆ, ಅದೂ "ಚಾಲಕರೊಂದಿಗೆ ಮಾತನಾಡಬಾರದು" ಎಂಬ ಫಲಕದ ಕೆಳಗೆ. ಸಾರಿಗೆ ಕ್ವಾರ್ಟರ್ಸಿನಲ್ಲಿ ಒಂದು ಮನೆ ಖಾಲಿಯಾಗಿತ್ತು. ಅದು ಮದುವೆಯಾದ ನೌಕರರಿಗೆ ಮಾತ್ರ. ನಾನು ಇಬ್ಬರ ಕಡತದಲ್ಲೂ ಬರೆದು, ಶುಭ ಹಾರೈಸಿ, ಮುಂದಿನವರನ್ನು ಕರೆದೆ. ಹೊರಗೆ ಬಸ್ಸು ಉದ್ದಕ್ಕೆ ಹಾರ್ನ್ ಮಾಡಿಕೊಂಡು ಹೋಯಿತು.

ಆಕೆಯ ಹೆಸರು ಅಕ್ಷರಮಾಲೆಯ ಆರಂಭದ್ದು. ಆಕೆಯ ಕಡತ ಬೆಳಿಗ್ಗೆಯೇ ನಕಲಾಗಿ ಮುಗಿದಿತ್ತು. ಅವನ ಹೆಸರು ಕೊನೆಯ ಕಡೆಯದ್ದು. ಅವನ ಕಡತ ನಕಲಾದದ್ದು ಸಾಯಂಕಾಲ. ಅಂದರೆ ಅಸಲಿನಲ್ಲಿ ಇಬ್ಬರಿಗೂ ಮದುವೆಯಾಗಿತ್ತು, ನಕಲಿನಲ್ಲಿ ಅವನಿಗೆ ಮಾತ್ರ ಆಗಿತ್ತು. ಪರದೆ ಇದ್ದದ್ದರಿಂದ ಇದು ಯಾರಿಗೂ ಕಾಣಲಿಲ್ಲ. ಕಂಡಿದ್ದರೆ ನಿಯಮೋಲ್ಲಂಘನೆಯಾಗುತ್ತಿತ್ತು.

ಆ ವಾರವೇ ಬ್ಯಾಕಪ್ಪಿನ ಯಶಸ್ಸಿಗಾಗಿ ಕಚೇರಿಯ ಅಂಗಳದಲ್ಲಿ ಒಂದು ಸಮಾರಂಭ ಏರ್ಪಡಿಸಲಾಯಿತು. ಸಾರ್ವಜನಿಕರು ಅಸಲನ್ನೂ ನಕಲನ್ನೂ ಅಕ್ಕಪಕ್ಕದಲ್ಲಿ ನೋಡಲಿ ಎಂದು ಎರಡೂ ಪೆಟ್ಟಿಗೆಗಳನ್ನು ವೇದಿಕೆಗೆ ತರಿಸಿದರು. ನಕಲು ಅಂಗೈಯಗಲ ಇತ್ತು. ಅಸಲನ್ನು ನಾಲ್ಕು ಜನ ಹೊತ್ತು ತಂದರು. ಮುಖ್ಯಾಧಿಕಾರಿಗಳು "ನಮ್ಮ ದಾಖಲೆಗಳು ಎಷ್ಟು ಭದ್ರ ಎಂದರೆ" ಎಂದು ಕೈಯೆತ್ತಿದರು. ಅಷ್ಟರಲ್ಲಿ ಹಲಗೆ ಮುರಿದು ಅಸಲು ವೇದಿಕೆಯಿಂದ ಕೆಳಕ್ಕೆ ಬಿದ್ದು ನುಚ್ಚುನೂರಾಯಿತು.

ತಕ್ಷಣ ತಾಳೆಸಾಹೇಬರು ನಕಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಇನ್ನು ಅದೇ ಅಸಲು. ಚಪ್ಪಾಳೆಯೋ ಚಪ್ಪಾಳೆ. ಬ್ಯಾಕಪ್ ಏಕೆ ಬೇಕು ಎಂಬುದನ್ನು ಇಷ್ಟು ಮನಮುಟ್ಟುವಂತೆ ತೋರಿಸಿದ ಕಾರ್ಯಕ್ರಮ ಹಿಂದೆಂದೂ ನಡೆದಿರಲಿಲ್ಲ. ಮುಖ್ಯಾಧಿಕಾರಿಗಳಿಗೆ ಬಡ್ತಿ ಬಂತು. ಅವರು ಅದೇ ಹುಮ್ಮಸ್ಸಿನಲ್ಲಿ ಒಂದು ಪ್ರಕಟಣೆ ಹೊರಡಿಸಿದರು: "ಅಸಲು ಒಡೆಯುತ್ತದೆ, ನಕಲು ಉಳಿಯುತ್ತದೆ ಎಂಬುದು ಸಾರ್ವಜನಿಕವಾಗಿ ಸಾಬೀತಾಗಿರುವುದರಿಂದ, ಇನ್ನು ಮುಂದೆ ಪ್ರತಿದಿನವೂ ನಕಲು ತೆಗೆದು, ಸಂಜೆ ಅಸಲನ್ನು ಅಳಿಸಿ, ಅದರ ಸ್ಥಾನದಲ್ಲಿ ನಕಲನ್ನು ಕೂರಿಸತಕ್ಕದ್ದು."

ಕೆಲವು ದಿನಗಳ ನಂತರ ಆ ಜೋಡಿ ಮತ್ತೆ ನನ್ನ ಕೌಂಟರಿಗೆ ಬಂತು. ಕ್ವಾರ್ಟರ್ಸಿನ ಅಧಿಕಾರಿ ಆಕೆಯ ಅರ್ಜಿಯನ್ನು ವಾಪಸ್ಸು ಮಾಡಿದ್ದರು.

"ಸಾರ್, ನಮ್ಮ ಮದುವೆ ಬರೆದಿದ್ದು ನೀವೇ ಅಲ್ವಾ?" ಎಂದಳು ಚಾಲಕಿ.

"ಹೌದಮ್ಮ, ನಾನೇ. ಚೆನ್ನಾಗಿ ನೆನಪಿದೆ. ಬಸ್ಸು ರಸ್ತೆಗೆ ಅಡ್ಡ ನಿಂತಿತ್ತು."

"ಮತ್ತೆ ನನಗೆ ಮದುವೆ ಆಗಿಲ್ಲ ಅಂತ ಯಾಕೆ ಬರ್ತಿದೆ?"

"ನೌಕರನ ನೆನಪು ದಾಖಲೆ ಅಲ್ಲಮ್ಮ." ನಾನು ಕಡತ ತೆರೆದು ನೋಡಿದೆ. "ಇವರಿಗೆ ಮದುವೆಯಾಗಿದೆ. ನಿಮಗೆ ಆಗಿಲ್ಲ."

"ಇವರಿಗೆ ಯಾರ ಜೊತೆ ಆಗಿದೆ?"

"ನಿಮ್ಮ ಜೊತೆ."

"ನನಗೆ?"

"ಯಾರ ಜೊತೆಗೂ ಇಲ್ಲ."

ಬೀಗದವನು ಮೆಲ್ಲಗೆ ಹೇಳಿದ, "ಸಾರ್, ಹೋಗ್ಲಿ ಬಿಡಿ. ಇನ್ನೊಂದು ಸಲ ಬರೆದುಬಿಡಿ. ನಿಮಗೆ ಎರಡು ನಿಮಿಷದ ಕೆಲಸ."

"ಸಂಸಾರಸ್ಥರು ನೀವು. ನಿಮಗೆ ಇನ್ನೊಂದು ಮದುವೆ ಬರೆದ್ರೆ ನನ್ನ ಕೆಲಸ ಹೋಗುತ್ತೆ. ಈಕೆ ಒಪ್ಪಿದ್ರೂ ನಿಮ್ಮ ಹೆಂಡತಿ ಒಪ್ಪಬೇಕಲ್ಲ?"

"ಇವರ ಹೆಂಡತಿ ನಾನೇ ಕಣ್ರೀ!" ಎಂದು ಆಕೆ ಕೌಂಟರಿನ ಮೇಲೆ ಕೈ ಬಡಿದಳು.

"ಅದಕ್ಕೆ ದಾಖಲೆ ಬೇಕಮ್ಮ," ಎಂದೆ. ಸಾರ್ವಜನಿಕರು ಸಿಟ್ಟಾದಾಗ ನಾವು ದನಿ ಏರಿಸಬಾರದು ಎಂಬುದು ತರಬೇತಿಯಲ್ಲಿ ಕಲಿತದ್ದು.

ಅವಳ ಪಾಡು ನಿಜಕ್ಕೂ ಕೆಟ್ಟಿತು. ಹಾಸ್ಟೆಲಿನಲ್ಲಿ ಅವಳಿಗೆ ತೊಂದರೆ ಇರಲಿಲ್ಲ, ಅವಿವಾಹಿತೆ ಎಂದು ಸಂತೋಷದಿಂದಲೇ ಉಳಿಸಿಕೊಂಡರು. ಆದರೆ ಬೀಗದವನು ನೋಡಲು ಬಂದರೆ ವಾರ್ಡನ್ನಮ್ಮ ಗೇಟಿನಲ್ಲೇ ತಡೆಯುತ್ತಿದ್ದರು. "ಹೆಂಡತಿ ಇರೋ ಗಂಡಸಿಗೆ ಮದುವೆಯಾಗದ ಹೆಣ್ಣುಮಕ್ಕಳ ಹಾಸ್ಟೆಲಲ್ಲಿ ಏನ್ರೀ ಕೆಲಸ? ನಿಮ್ಮ ಹೆಂಡತಿಗೆ ಗೊತ್ತಾ ನೀವಿಲ್ಲಿ ಬಂದಿರೋದು?" ಅವನ ತಾಯಿಯೂ ಒಂದು ದಿನ ನನ್ನ ಬಳಿ ಬಂದು ಕಡತ ನೋಡಿಕೊಂಡು ಹೋಗಿ, ಬಸ್ ಸ್ಟಾಪಿನಲ್ಲಿ ಸೊಸೆಯನ್ನು ನಿಲ್ಲಿಸಿ ಬುದ್ಧಿ ಹೇಳಿದರಂತೆ. "ನೋಡು ಮಗಳೇ, ನೀನು ಒಳ್ಳೇ ಹುಡುಗಿ. ಆದ್ರೆ ನನ್ನ ಮಗನಿಗೆ ಮದುವೆಯಾಗಿದೆ. ಅವನ ಹಿಂದೆ ಅಲೆದು ನಿನ್ನ ಬಾಳು ಹಾಳು ಮಾಡ್ಕೋಬೇಡ."

"ಅತ್ತೇ, ಆ ದಿನ ನೀವೂ ಬಂದಿದ್ರಲ್ಲ!"

"ಬಂದಿದ್ದೆ. ಆದ್ರೆ ನನಗೀಗ ಕಣ್ಣು ಮಂಜು. ಕಚೇರಿಗೆ ಮಂಜು ಇಲ್ಲವಲ್ಲ."

ನನಗೆ ಪಾಪ ಅನ್ನಿಸಿತು. ನಿಯಮಗಳ ಕಟ್ಟನ್ನೇ ಬಿಚ್ಚಿ ಕೂತು ಕೊನೆಗೊಂದು ದಾರಿ ಹುಡುಕಿಕೊಟ್ಟೆ. ಒಬ್ಬನಿಗೆ ಮದುವೆಯಾಗಿದ್ದು, ಆತನ ಹೆಂಡತಿ ಎಲ್ಲಿಯೂ ಸಿಗದಿದ್ದರೆ, ಪೊಲೀಸರು ಹುಡುಕಿ ವರದಿ ಕೊಟ್ಟ ಮೇಲೆ ಮದುವೆ ರದ್ದಾಗುತ್ತದೆ. ಬೀಗದವನು ಠಾಣೆಗೆ ಹೋಗಿ ಹೆಂಡತಿ ನಾಪತ್ತೆ ಎಂದು ದೂರು ಕೊಟ್ಟ. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡೇ ಹೋಗಿದ್ದ.

ಹುಡುಕುವ ಕೆಲಸ ಒಬ್ಬ ಹಿರಿಯ ಪೇದೆಗೆ ಬಿತ್ತು. ಆತ ಫೋಟೋ ಹಿಡಿದುಕೊಂಡು ಮೊದಲು ಆಕೆಯ ಬಸ್ಸನ್ನೇ ಹತ್ತಿದರು.

"ಈ ಹೆಂಗಸನ್ನ ಎಲ್ಲಾದ್ರೂ ನೋಡಿದೀರಾ ಮೇಡಂ?"

"ಅದು ನಾನೇ ಸಾರ್."

ಪೇದೆ ಫೋಟೋ ನೋಡಿದರು, ಆಕೆಯ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. "ನಿಮಗೆ ಮದುವೆಯಾಗಿದೆಯಾ?"

"ದಾಖಲೆ ಪ್ರಕಾರ ಇಲ್ಲ."

"ಹಾಗಾದ್ರೆ ನೀವಲ್ಲ. ನಾವು ಹುಡುಕ್ತಾ ಇರೋದು ಮದುವೆಯಾದೋರನ್ನ," ಎಂದು ಅವರು ಫೋಟೋವನ್ನು ಜೇಬಿಗೆ ಸೇರಿಸಿದರು. "ಹೋಲಿಕೆ ಮಾತ್ರ ಚೆನ್ನಾಗಿದೆ."

ಆಕೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದಳು. ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಿ, "ಯಾರಾದ್ರೂ ನನ್ನನ್ನ ನೋಡಿದೀರಾ?" ಎಂದು ತಾನೇ ವಿಚಾರಿಸಿದಳು. ಇಷ್ಟು ಸಹಕರಿಸುವ ಸಾರ್ವಜನಿಕರನ್ನು ಪೇದೆ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ವರದಿಯಲ್ಲಿ ಅದನ್ನು ವಿಶೇಷವಾಗಿ ಮೆಚ್ಚಿ ಬರೆದು, ಕೆಳಗೆ "ಹೆಂಡತಿ ಪತ್ತೆಯಾಗಿಲ್ಲ" ಎಂದು ಸಹಿ ಹಾಕಿದರು. ಬೀಗದವನ ಮದುವೆ ರದ್ದಾಯಿತು. ತಾಯಿ ಮಗನ ಬೆನ್ನು ಸವರಿ ಸಮಾಧಾನ ಹೇಳಿದರು. "ಹೋದೋಳು ಹೋದ್ಲು, ಬಿಡೋ. ಅವಳಿಗೆ ನಿನ್ನ ಋಣ ಇರ್ಲಿಲ್ಲ. ಆ ಬಸ್ಸಿನ ಹುಡುಗಿ ಎಷ್ಟು ದಿನದಿಂದ ಕಾದಿದಾಳೆ, ಅವಳನ್ನೇ ಮಾಡ್ಕೋ."

ಈ ನಡುವೆ ಕಚೇರಿಯಲ್ಲಿ ಒಂದು ಸುಧಾರಣೆಯಾಗಿತ್ತು. ಕೊನೆಯ ಅಕ್ಷರದ ಹೆಸರಿನವರು ತಮ್ಮನ್ನು ಯಾವಾಗಲೂ ಕೊನೆಗೆ ನಕಲು ಮಾಡುತ್ತಾರೆಂದು ಮನವಿ ಕೊಟ್ಟಿದ್ದರು. ನ್ಯಾಯವಾದ ಬೇಡಿಕೆ. ತಾಳೆಸಾಹೇಬರು ಯಂತ್ರವನ್ನು ತಿರುಗಿಸಿ, ಳ ಅಕ್ಷರದ ಖಾಲಿ ಜಾಗದಿಂದ ಶುರುಮಾಡಿ ಅ ಅಕ್ಷರದ ಕಡೆಗೆ ಬರುವಂತೆ ಮಾಡಿದ್ದರು.

ಪ್ರತಿದಿನದ ನಕಲಿನ ಪರಿಣಾಮ ಊರಿನಲ್ಲೂ ಕಾಣತೊಡಗಿತ್ತು. ಮದುವೆ ದಲ್ಲಾಳಿಗಳು ಈಗ ಹುಡುಗನ ಸಂಬಳ ಕೇಳುವ ಮೊದಲು ಹೆಸರಿನ ಮೊದಲ ಅಕ್ಷರ ಕೇಳುತ್ತಿದ್ದರು. ಒಂದೇ ಅಕ್ಷರದ ಸಂಬಂಧಕ್ಕೆ ಭಾರಿ ಬೇಡಿಕೆ, ಏಕೆಂದರೆ ಗಂಡು ಹೆಣ್ಣಿನ ಕಡತಗಳು ಒಟ್ಟಿಗೇ ನಕಲಾಗಿ ಮದುವೆ ಗಟ್ಟಿಯಾಗಿ ನಿಲ್ಲುತ್ತಿತ್ತು. ದೂರದ ಅಕ್ಷರದವರನ್ನು ಪ್ರೀತಿಸುವುದನ್ನು ಮನೆಯಲ್ಲಿ ದೊಡ್ಡವರು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ನಕಲಾದ ಮೇಲೆ ತೀರಿಕೊಂಡ ಒಬ್ಬ ಮುದುಕರಿಗೆ, ದಾಖಲೆ ಪ್ರಕಾರ ಬದುಕಿದ್ದರಿಂದ, ಚುನಾವಣಾ ಕೆಲಸ ಹಾಕಿದ್ದರು. ಬಾರದಿದ್ದುದಕ್ಕೆ ನೋಟಿಸು ಹೋಗಿದೆ ಎಂದು ಕೇಳಿದ್ದೇನೆ.

ಆ ಜೋಡಿ ಎರಡನೇ ಸಲ ಮದುವೆಯಾಗಲು ಬಂದಾಗ ನಾನು ಎಚ್ಚರಿಸಿದೆ. "ನಿಮ್ಮ ಅಕ್ಷರಗಳು ತುಂಬಾ ದೂರ. ಯೋಚನೆ ಮಾಡಿದೀರಾ?"

"ನಾಲ್ಕು ವರ್ಷದಿಂದ ಅದನ್ನೇ ಯೋಚನೆ ಮಾಡ್ತಿದೀವಿ ಸಾರ್, ಬರೀರಿ," ಎಂದಳು ಆಕೆ. ಕಣ್ಣಲ್ಲಿ ನೀರಿತ್ತು. ನಾನು ಬರೆದೆ. ಅಷ್ಟೇ ಅಲ್ಲ, ಯಂತ್ರ ಇನ್ನೂ ಅವನ ಅಕ್ಷರಕ್ಕೆ ಬಂದಿರದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರ ಮಟ್ಟಿಗೆ ನಾನು ಆ ದಿನ ಪಕ್ಷಪಾತ ಮಾಡಿದೆ.

ಯಂತ್ರ ಅವನ ಅಕ್ಷರವನ್ನು ಬೆಳಿಗ್ಗೆಯೇ ದಾಟಿತ್ತು. ಸಂಜೆ ಅಸಲನ್ನು ಅಳಿಸಿ ನಕಲನ್ನು ಕೂರಿಸಿದರು. ಮರುದಿನ ಅವರಿಬ್ಬರೂ ಬಂದಾಗ ನೋಡಿದರೆ ಆಕೆಗೆ ಮದುವೆಯಾಗಿತ್ತು, ಅವನಿಗೆ ಆಗಿರಲಿಲ್ಲ.

ಆಕೆ ಕೌಂಟರಿನ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ನನಗೆ ದುಃಖವಾಯಿತು. ಅದನ್ನು ನಮೂದಿಸಲು ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಬೀಗದವನು ಮಾತ್ರ ತಲೆ ಕೆರೆದುಕೊಂಡು, "ಸಾರ್, ಈಗ ಇವಳಿಗೆ ಮದುವೆಯಾಗಿದೆ ತಾನೇ? ನೌಕರಿ ಇರೋದೂ ಇವಳಿಗೇ. ಅಂದ್ಮೇಲೆ ಮನೆ ಸಿಗುತ್ತಲ್ಲ?" ಎಂದ.

ಬೀಗದವರಿಗೆ ಬಾಗಿಲು ಯಾವ ಕಡೆಯಿಂದ ತೆರೆಯುತ್ತದೆ ಎಂದು ನೋಡುವ ಅಭ್ಯಾಸ. ನಾವು ಮೂವರೂ ಕ್ವಾರ್ಟರ್ಸಿನ ಅಧಿಕಾರಿಗಳ ಬಳಿ ಹೋದೆವು. ಅವರು ಕನ್ನಡಕ ಒರೆಸಿಕೊಂಡು ಕಡತ ನೋಡಿದರು.

"ನೌಕರರು ವಿವಾಹಿತರು. ಸರಿ. ಮನೆ ಕೊಡಬಹುದು. ಗಂಡ ಎಲ್ಲಿ?"

"ಇವರೇ ಸಾರ್," ಎಂದಳು ಆಕೆ.

"ಇವರಿಗೆ ಮದುವೆಯೇ ಆಗಿಲ್ವಲ್ರೀ. ಬೇರೆ ಗಂಡಸರನ್ನ ಗಂಡ ಅಂತ ಮನೇಲಿಟ್ಟುಕೊಳ್ಳೋಕೆ ಬರಲ್ಲ." ಅವರು ಪುಟ ತಿರುಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. "ಬಾಡಿಗೆದಾರ ಅಂತ ಇಟ್ಟುಕೊಳ್ಳಬಹುದು. ಗಂಡ ಊರಲ್ಲಿಲ್ಲದಿದ್ರೆ ನೌಕರರು ಹಿಂದಿನ ಕೋಣೆಯನ್ನ ಒಬ್ಬ ಅವಿವಾಹಿತರಿಗೆ ಕೊಡೋಕೆ ಅವಕಾಶ ಇದೆ. ನಡತೆ ಪ್ರಮಾಣಪತ್ರ ಬೇಕು."

ನಡತೆ ಪ್ರಮಾಣಪತ್ರವನ್ನು ಆ ಹಿರಿಯ ಪೇದೆಯೇ ಬರೆದುಕೊಟ್ಟರು. ಹೆಂಡತಿಯನ್ನು ಕಳೆದುಕೊಂಡಾಗ ಈತ ತೋರಿದ ಸಂಯಮವನ್ನು ಅದರಲ್ಲಿ ಮೆಚ್ಚಿಕೊಂಡಿದ್ದರು. ಬೀಗದವನು ಮನೆಗೆ ಒಳ್ಳೆಯ ಬೀಗ ಹಾಕಿ, ಒಂದು ಕೀಲಿಯನ್ನು ಮನೆಯೊಡತಿಗೆ ಕೊಟ್ಟು, ಇನ್ನೊಂದನ್ನು ಬಾಡಿಗೆದಾರನಾಗಿ ತಾನು ಪಡೆದುಕೊಂಡ. ಇಬ್ಬರೂ ಒಂದೇ ಸೂರಿನಡಿ ಸಂಸಾರ ಹೂಡಿದರು. ಅಕ್ಕಪಕ್ಕದವರು ಮೊದಮೊದಲು ಪಿಸುಗುಟ್ಟಿದರು, ಆಮೇಲೆ ಅವರ ಮನೆಗಳಲ್ಲೂ ಒಂದೊಂದು ಇಂಥದ್ದೇ ಆಗಿ ಬಾಯಿ ಮುಚ್ಚಿದರು. ದಾಖಲೆ ಪ್ರಕಾರ ಎದುರು ಮನೆಯ ಹೆಂಗಸಿನ ತಮ್ಮ ಹುಟ್ಟಿಯೇ ಇರಲಿಲ್ಲ. ಆದರೂ ಅವನಿಗೆ ದಿನಾ ಊಟಕ್ಕೆ ಬಡಿಸುತ್ತಿದ್ದಳು.

ತಾಯಿ ಮಾತ್ರ ಬಂದಾಗಲೆಲ್ಲ ಮಗನನ್ನು ಎಚ್ಚರಿಸುತ್ತಿದ್ದರು. "ಮದುವೆಯಾದ ಹೆಣ್ಣುಮಗಳ ಮನೇಲಿದೀಯ. ಮರ್ಯಾದೆಯಾಗಿರು ಕಣೋ. ಅವಳ ಗಂಡ ಬಂದ್ರೆ ಏನಂದುಕೊಂಡಾನು?"

"ಆಯ್ತಮ್ಮ," ಎನ್ನುತ್ತಿದ್ದ ಮಗ.

ಮರುವರ್ಷ ಅವರಿಗೆ ಹೆಣ್ಣುಮಗು ಹುಟ್ಟಿತು. ಜನನ ಕೌಂಟರಿನಲ್ಲಿ ಬರೆಸಲು ಅವರಿಬ್ಬರೂ ಮಗುವಿನೊಂದಿಗೆ ಬಂದರು, ಅವನ ತಾಯಿಯೂ ಜೊತೆಗಿದ್ದರು. ನಾನೇ ಮೊದಲೇ ಹೇಳಿಕಳಿಸಿದ್ದಂತೆ ಮಗುವಿಗೆ ನಡುವಿನ ಅಕ್ಷರದ ಹೆಸರಿಟ್ಟು, ಯಂತ್ರ ಆ ಅಕ್ಷರಕ್ಕೆ ಬರುವ ಮುಂಚೆಯೇ ತಲುಪಿದ್ದರು. ತಾಯಿಯ ಹೆಸರು ಸರಿಯಾಗಿ ಬಂತು. ತಂದೆಯ ಹೆಸರನ್ನು ತಾಯಿಯ ಕಡತದಿಂದ ತೆಗೆದುಕೊಂಡು ಬರೆದರು. ಅದು ಬೀಗದವನ ಹೆಸರೇ. ಆದರೆ ಬೀಗದವನ ಕಡತದಲ್ಲಿ ಹೆಂಡತಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಎಲ್ಲ ನಿಯಮದ ಪ್ರಕಾರವೇ ಇತ್ತು. ಪರದೆಯ ಆಚೆಯಿಂದ ತಾಳೆಸಾಹೇಬರು "ತಾಳೆಯಾಯ್ತು!" ಎಂದು ಕೂಗಿದರು.

ಮಗು ಅಜ್ಜಿಯ ಕೈಯಲ್ಲಿತ್ತು. ಬೀಗದವನು ನನ್ನ ಕೌಂಟರಿಗೆ ಬಂದು, ದನಿ ತಗ್ಗಿಸಿ ಕೇಳಿದ.

"ಸಾರ್, ಒಂದು ಮಾತು. ಬಾಡಿಗೆದಾರರು ಮನೆಯೊಡತಿ ಮಗೂನ ಎತ್ಕೋಬಹುದಾ?"

ಇಂಥ ಪ್ರಶ್ನೆಗೆ ಬಾಯಿಗೆ ಬಂದಂತೆ ಉತ್ತರ ಕೊಡಲಾಗದು. ನಾನು ಕ್ವಾರ್ಟರ್ಸಿನ ನಿಯಮಗಳನ್ನು ತರಿಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಬಾಡಿಗೆದಾರನು ಮನೆಯ ಮೇಜು ಕುರ್ಚಿ ಸರಿಸಕೂಡದು ಎಂದಿತ್ತು. ಗೋಡೆಗೆ ಮೊಳೆ ಹೊಡೆಯಕೂಡದು ಎಂದಿತ್ತು. ಮಗುವಿನ ವಿಷಯ ಎಲ್ಲಿಯೂ ಇರಲಿಲ್ಲ.

"ನಿಷೇಧ ಏನೂ ಇಲ್ಲ," ಎಂದೆ. "ಎತ್ಕೊಳ್ಳಿ."

ಅವನು ಕೈ ಚಾಚಿದ. ಅವನ ತಾಯಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದ ಮೇಲೆ ಮಗುವನ್ನು ಮೆಲ್ಲಗೆ ಅವನ ತೋಳಿಗೆ ಇಳಿಸಿ, ಅವನ ಮೊಣಕೈಯನ್ನು ಸರಿಮಾಡಿದರು.

"ಕತ್ತಿನ ಕೆಳಗೆ ಕೈ ಕೊಡೋ, ಹಾಗಲ್ಲ, ಹೀಗೆ," ಎಂದರು. "ಇದರಪ್ಪ ಬರೋವರೆಗೂ ನೀನೇ ನೋಡ್ಕೋ."

"ಆಗ್ಲಿ ಅಮ್ಮ," ಎಂದ ಅವನು.